ಶುಗರ್ ಕಾಲಿನ ಗಾಯ ಮತ್ತು ನಮ್ಮ ಗುರುವಾರದ ರೂಮು

ನಾನು ನರ್ಸ್. ತಾಲ್ಲೂಕು ಊರಿನ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಡ್ರೆಸ್ಸಿಂಗ್ ರೂಮು ನನ್ನ ಜವಾಬ್ದಾರಿ. ನಮ್ಮಲ್ಲಿಗೆ ಬರುವ ಗಾಯಗಳಲ್ಲಿ ಜಾಸ್ತಿ ಶುಗರ್ ಇದ್ದವರ ಕಾಲಿನವು. ತಂಡವಾಗಿ ಚಿಕಿತ್ಸೆ ಕೊಡಬೇಕು ಅಂತ ಎಲ್ಲ ಕಡೆ ಹೇಳುತ್ತಾರೆ. ನಮ್ಮಲ್ಲಿ ಅದು ಹೇಗೆ ನಡೆಯುತ್ತದೆ, ಎಲ್ಲಿ ಜಗಳ ಆಗುತ್ತದೆ ಅನ್ನುವುದನ್ನು ಬರೆಯುತ್ತಿದ್ದೇನೆ.

ಮೊದಲು ಸರ್ಜನ್ ಬರುವ ದಿನ ಒಂದು, ಶುಗರ್ ನೋಡುವ ಡಾಕ್ಟರು ಬರುವ ದಿನ ಇನ್ನೊಂದು. ಊಟದ ವಿಷಯ ಹೇಳುವ ಡಯಟಿಷಿಯನ್ ಮತ್ತೊಂದು ದಿನ. ಪ್ರತಿ ಸಲ ಬಸ್ ಚಾರ್ಜು, ಜೊತೆಗೆ ಬಂದ ಮಗನ ಅವತ್ತಿನ ಕೂಲಿ. ಅದೂ ಹೋಗಲಿ, ಮಾತು ಕೂಡ ಬೇರೆ ಬೇರೆ. ಒಬ್ಬರು "ಗಾಯ ಮಾಯೋವರೆಗೆ ಕಾಲು ಊರಬೇಡಿ" ಅನ್ನುತ್ತಿದ್ದರು. ಇನ್ನೊಬ್ಬರು "ಶುಗರ್ ಇಳೀಬೇಕಾದ್ರೆ ದಿನಾ ನಡೀರಿ" ಅನ್ನುತ್ತಿದ್ದರು. ರೋಗಿ ಎರಡರಲ್ಲಿ ತಮಗೆ ಅನುಕೂಲವಾದದ್ದನ್ನು ಆರಿಸಿಕೊಳ್ಳುತ್ತಿದ್ದರು. ಅವರದೇನು ತಪ್ಪು, ಅಲ್ವಾ?

ಎಲ್ಲರೂ ಒಂದೇ ದಿನ, ಒಂದೇ ರೂಮಿನಲ್ಲಿ ಕೂರೋಣ ಅಂದಾಗ ಗುರುವಾರ ಗೊತ್ತಾಯಿತು. ಅವತ್ತು ನಮ್ಮೂರಿನಲ್ಲಿ ಸಂತೆ. ಹಳ್ಳಿಗಳಿಂದ ಹೇಗೂ ಬಸ್ಸು, ಟೆಂಪೊ ಬರುತ್ತವೆ. ಡಾಕ್ಟರುಗಳಿಗೆ ಸೋಮವಾರ ಅನುಕೂಲವಿತ್ತು. ಅದಕ್ಕೊಂದು ಜಗಳ ಆಗಿಯೇ ಗುರುವಾರಕ್ಕೆ ಬಂದೆವು.

ರೂಮಿನಲ್ಲಿ ಸರ್ಜನ್, ಶುಗರ್ ನೋಡುವ ಫಿಸಿಷಿಯನ್, ವ್ಯಾಯಾಮ ಮಾಡಿಸುವ ಫಿಸಿಯೊ, ಡಯಟಿಷಿಯನ್, ನಾನು, ವಾರ್ಡಿನ ಆಯಮ್ಮ, ಮತ್ತೆ ಚಪ್ಪಲಿ ಮಾಡುವ ಅಣ್ಣ. ಎಲ್ಲರೂ ಬರೆಯುವುದು ಒಂದೇ ಫೈಲಿನಲ್ಲಿ. ಬರೆಯಲು ಬಾರದ ಆಯಮ್ಮ ಹೇಳಿದ್ದನ್ನು ನಾನು ಬರೆಯುತ್ತೇನೆ. ಒಂದೇ ಫೈಲು ಅನ್ನುವುದು ನಮ್ಮ ತಲೆಯಿಂದ ಬಂದದ್ದಲ್ಲ. ಅಮೆರಿಕದ ರಾಚೆಸ್ಟರ್‌ನ ಮೇಯೊ ಕ್ಲಿನಿಕ್‌ನಲ್ಲಿ 1907ರಲ್ಲಿ ಹೆನ್ರಿ ಪ್ಲಮ್ಮರ್ ಅನ್ನುವ ಡಾಕ್ಟರು ಶುರು ಮಾಡಿದ್ದು ಇದನ್ನೇ. ಅದಕ್ಕೂ ಮೊದಲು ಅಲ್ಲಿ ಒಬ್ಬೊಬ್ಬ ಡಾಕ್ಟರಿಗೆ ಒಂದೊಂದು ಲೆಡ್ಜರ್ ಇತ್ತು. ರೋಗಿಗೆ ಒಂದು ನಂಬರು, ಆ ನಂಬರಿಗೆ ಒಂದು ಫೈಲು ಮಾಡಿದರು. ಆ ಸಂಸ್ಥೆಯೂ ಲಾಭಕ್ಕಲ್ಲದ್ದು, ಅಲ್ಲಿನ ಡಾಕ್ಟರಿಗೂ ಸಂಬಳವೇ. ಉಳಿದದ್ದರಲ್ಲಿ ಅವರಿಗೂ ನಮಗೂ ಹೋಲಿಕೆಯಿಲ್ಲ. ನಮ್ಮ ಫೈಲಿಗೆ ಇನ್ನೂ ದಾರವೇ ಕಟ್ಟುವುದು.

ಚಪ್ಪಲಿ ಅಣ್ಣನಿಗೆ ಡಾಕ್ಟರ ಪಕ್ಕ ಕುರ್ಚಿ ಯಾಕೆ ಅಂತ ಮೊದಮೊದಲು ನಮ್ಮವರೇ ಕೇಳಿದರು. ಲಂಡನ್ನಿನ ಕಿಂಗ್ಸ್ ಕಾಲೇಜು ಆಸ್ಪತ್ರೆಯಲ್ಲಿ 1981ರಲ್ಲಿ ಶುಗರ್ ಕಾಲಿಗಂತಲೇ ಕ್ಲಿನಿಕ್ ಶುರುವಾದಾಗ, ಅಲ್ಲಿನ ತಂಡದಲ್ಲೂ ಚಪ್ಪಲಿ, ಶೂ ಹೊಂದಿಸುವವರು ಇದ್ದರು. ಆದರೆ ನಮ್ಮಲ್ಲಿ ಆ ಪ್ರಶ್ನೆಗೆ ಉತ್ತರ ಕೊಟ್ಟದ್ದು ಅಣ್ಣನೇ. ಅವರು ಕಾಲಿಗಿಂತ ಮೊದಲು ಹಳೇ ಚಪ್ಪಲಿ ನೋಡುತ್ತಾರೆ. ಮಗುಚಿ ಹಿಡಿದು ಅಡಿಭಾಗ ಎಲ್ಲಿ ಸವೆದಿದೆ, ಒಳಗೆ ಎಲ್ಲಿ ಗುಂಡಿ ಬಿದ್ದಿದೆ ಅಂತ ಬೆರಳಾಡಿಸುತ್ತಾರೆ. ಭಾರ ಎಲ್ಲಿ ಬೀಳುತ್ತಿದೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಅವರು ಈ ಕೆಲಸ ಕಲಿತದ್ದು ಕುಷ್ಠರೋಗದ ಆಸ್ಪತ್ರೆಯೊಂದರಲ್ಲಿ. ಈ ವಿದ್ಯೆ ಬಂದ ದಾರಿಯೂ ಅದೇ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಡಾ. ಪಾಲ್ ಬ್ರಾಂಡ್ 1940ರ ದಶಕದ ಕೊನೆಯಿಂದ ಕುಷ್ಠರೋಗಿಗಳ ಕೈಕಾಲು ನೋಡುತ್ತಾ ಒಂದು ವಿಷಯ ತೋರಿಸಿಕೊಟ್ಟರು. ಮಾಂಸ ತಾನಾಗಿ ಕೊಳೆಯುವುದಿಲ್ಲ. ನೋವು ಗೊತ್ತಾಗದ ಕಾಲಿನ ಒಂದೇ ಜಾಗಕ್ಕೆ ಮತ್ತೆ ಮತ್ತೆ ಒತ್ತಡ ಬಿದ್ದು ಗಾಯವಾಗುತ್ತದೆ. ಆಮೇಲೆ ಅವರು ಅಮೆರಿಕಕ್ಕೆ ಹೋದ ಮೇಲೆ ಇದೇ ಪಾಠ ಸ್ಪರ್ಶ ಹೋದ ಶುಗರ್ ಕಾಲಿಗೂ ಬಂತು. ಮೆತ್ತನೆಯ ಎಂಸಿಆರ್ ರಬ್ಬರಿನ ಚಪ್ಪಲಿ, ಹಿಮ್ಮಡಿಗೆ ಪಟ್ಟಿ, ಮೇಲೆ ವೆಲ್ಕ್ರೊ. ಹವಾಯಿ ಚಪ್ಪಲಿ ಆಗುವುದಿಲ್ಲ. ಸ್ಪರ್ಶ ಇಲ್ಲದ ಕಾಲಿನಿಂದ ಅದು ಜಾರಿ ಬಿದ್ದರೂ ಎಷ್ಟೋ ಜನಕ್ಕೆ ತಿಳಿಯುವುದಿಲ್ಲ, ಬರಿಗಾಲಲ್ಲೇ ನಡೆದಿರುತ್ತಾರೆ.

ಸ್ಪರ್ಶ ನೋಡುವುದು ಸುಲಭ. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆ ಇರುತ್ತದೆ. ರೋಗಿ ಕಣ್ಣು ಮುಚ್ಚಬೇಕು. ಅಂಗಾಲಿನ ಬೇರೆ ಬೇರೆ ಕಡೆ ಎಳೆ ಬಾಗುವಷ್ಟು ಒತ್ತಬೇಕು. ಜಡ್ಡುಗಟ್ಟಿದ ಚರ್ಮದ ಮೇಲೆ ಒತ್ತಿದರೆ ಉಪಯೋಗವಿಲ್ಲ. ಗೊತ್ತಾದರೆ "ಹೂಂ" ಅನ್ನಬೇಕು. ಕೆಲವರು ಒತ್ತದಿದ್ದರೂ ಸುಮ್ನೆ "ಹೂಂ, ಹೂಂ" ಅನ್ನುತ್ತಾ ಇರುತ್ತಾರೆ, ಡಾಕ್ಟರಿಗೆ ಬೇಜಾರಾಗಬಾರದು ಅಂತ.

ಒಬ್ಬರ ವಿಷಯ ಹೇಳುತ್ತೇನೆ. ತೆಂಗಿನ ತೋಟದ ರೈತರು. ಹೆಬ್ಬೆರಳಿನ ಬುಡದಲ್ಲಿ, ಅಂಗಾಲಿನ ಕಡೆ ಗಾಯ. ಮುಚ್ಚುವುದು, ಮತ್ತೆ ತೆರೆಯುವುದು. ಸರ್ಜನ್ ಬೆರಳು ತೆಗೆಯೋಣ ಅಂದರು. ಚಪ್ಪಲಿ ಅಣ್ಣ ಹಳೇ ಚಪ್ಪಲಿ ಮೇಜಿನ ಮೇಲಿಟ್ಟರು. ಹೆಬ್ಬೆರಳಿನ ಬುಡ ಬೀಳುವ ಜಾಗ ತೂತಾಗಿತ್ತು, ಉಳಿದದ್ದೆಲ್ಲ ಗಟ್ಟಿ. ಫಿಸಿಯೊ ಬೆರಳು ಮೇಲಕ್ಕೆ ಬಾಗಿಸಲು ನೋಡಿದರು, ಬಾಗಲಿಲ್ಲ. ಹಾಗಾಗಿ ಒಂದೊಂದು ಹೆಜ್ಜೆಗೂ ಭಾರವೆಲ್ಲ ಅಲ್ಲೇ. ಗಾಯದೊಳಗೆ ಕಡ್ಡಿ ಇಳಿಸಿ ನೋಡಿದರೆ ಮೂಳೆ ತಾಗಲಿಲ್ಲ. ಎಕ್ಸ್‌ರೇಯಲ್ಲೂ ಮೂಳೆ ಚೆನ್ನಾಗಿತ್ತು. ಕಾಲಿನ ಬಿಪಿಯನ್ನು ಕೈಯ ಬಿಪಿ ಜೊತೆ ಹೋಲಿಸಿ ನೋಡಿದೆವು, ರಕ್ತ ಓಡಾಟಕ್ಕೂ ತೊಂದರೆಯಿರಲಿಲ್ಲ. ನಂಜಿರಲಿಲ್ಲ. ಭಾರ ಹಂಚುವ ಪ್ಲಾಸ್ಟರ್ ಹಾಕಿ ಕಾಯೋಣ ಅಂತ ಫಿಸಿಯೊ ಹಟ ಹಿಡಿದರು. ಸರ್ಜನ್‌ಗೆ ಪೂರ್ತಿ ಮನಸ್ಸಿರಲಿಲ್ಲ, ಆದರೂ ಒಪ್ಪಿದರು.

ಆಗ ಆಯಮ್ಮ ಬಾಯಿ ಬಿಟ್ಟರು. "ಪ್ಲಾಸ್ಟರ್ ಇರೋವರ್ಗೂ ಸರಿ. ಬಿಚ್ಚಿದ್ಮೇಲೆ ಇವ್ರು ಮನೇಲಿ ಚಪ್ಪಲಿ ಹಾಕಲ್ಲ. ಇಲ್ಲೂ ಚಪ್ಪಲಿ ಬಾಗ್ಲಲ್ಲೇ ಬಿಟ್ಟು ಬರಿಗಾಲಲ್ಲಿ ಬಾತ್‌ರೂಮಿಗೆ ಹೋಗ್ತಾರೆ." ಹೆಂಡತಿಯನ್ನು ಕೇಳಿದೆವು. "ದೇವ್ರಿರೋ ಮನೆ ಸಿಸ್ಟ್ರೇ, ಒಳಗೆ ಮೆಟ್ಟು ಹಾಕ್ಕೊಂಡು ಓಡಾಡೋಕಾಗುತ್ತಾ?" ಅಂದರು. ಫೈಲಿನಲ್ಲಿ ಎಲ್ಲೂ ಇಲ್ಲದ ಮಾತು ಅದು. ನಾವು ಕೊಟ್ಟ ಚಪ್ಪಲಿ ದಿನದ ಮುಕ್ಕಾಲು ಪಾಲು ಜಗುಲಿಯಲ್ಲೇ ಇರುತ್ತಿತ್ತು ಅಂತ ಆಯಿತು. ಹೊರಗಿನ ಮಣ್ಣು ಮುಟ್ಟದ ಇನ್ನೊಂದು ಜೋಡಿ ಮಾಡಿಕೊಡುತ್ತೇವೆ, ದೇವರ ಕೋಣೆ ಹೊಸಿಲಲ್ಲಿ ಬಿಡಿ, ಉಳಿದ ಕಡೆ ಹಾಕಿಕೊಳ್ಳಲಿ ಅಂತ ಮಾತಾಯಿತು. ಗಾಯ ನಿಧಾನವಾಗಿ ಮಾಯಿತು, ಬೆರಳು ಉಳಿಯಿತು. ಈಗ ನಮ್ಮಲ್ಲಿ ಸ್ಪರ್ಶ ಹೋದ ಎಲ್ಲರಿಗೂ ಎರಡು ಜೋಡಿ.

ಎಲ್ಲರ ಬೆರಳೂ ಉಳಿಯುವುದಿಲ್ಲ. ಕಡ್ಡಿಗೆ ಮೂಳೆ ಟಕ್ ಅಂತ ತಾಗಿದರೆ, ರಕ್ತ ಓಡಾಟವೂ ಇಲ್ಲದಿದ್ದರೆ ಮಾತು ಬೇರೆ. ರಕ್ತನಾಳ ನೋಡುವವರು ನಮ್ಮಲ್ಲಿಲ್ಲ, ದೊಡ್ಡ ಊರಿಗೆ ಕಳಿಸಬೇಕು. ಇಂಥ ಸುದ್ದಿ ಹೇಳುವುದಕ್ಕೆ ನಮ್ಮಲ್ಲೊಂದು ನಿಯಮವಿದೆ. ರೋಗಿಯನ್ನು ಹೊರಗೆ ಕೂರಿಸಿ ನಾವು ಒಳಗೆ ಎಷ್ಟು ಬೇಕಾದರೂ ಕಿತ್ತಾಡಬಹುದು. ಬಾಗಿಲು ತೆರೆದ ಮೇಲೆ ಒಂದೇ ಮಾತು, ಹೇಳುವವರೂ ಒಬ್ಬರೇ. ಆ ಒಬ್ಬರು ಸೀನಿಯರ್ ಆಗಬೇಕಿಲ್ಲ. ರೋಗಿ ಯಾರ ಹತ್ತಿರ ಜಾಸ್ತಿ ಮಾತಾಡುತ್ತಾರೋ ಅವರು. ಸುಮಾರು ಸಲ ಅದು ನಾನೇ. ಒಂದು ಸಲ ಚಪ್ಪಲಿ ಅಣ್ಣ ಹೇಳಿದರು, ಸರ್ಜನ್ ಪಕ್ಕದಲ್ಲೇ ಕೂತಿದ್ದರು. ಇದಕ್ಕೆ ಒಗ್ಗದೆ ಕೆಲಸ ಬಿಟ್ಟವರೂ ಇದ್ದಾರೆ. ನನಗೇನೂ ಬೇಸರವಿಲ್ಲ.

ದುಡ್ಡಿನ ಮಾತು ಬಿಡುವ ಹಾಗಿಲ್ಲ. ನಮ್ಮಲ್ಲಿ ಬೆರಳು ತೆಗೆದರೂ, ಉಳಿಸಿದರೂ ಸರ್ಜನ್‌ಗೆ ಅದೇ ಸಂಬಳ. ಕಾಯೋಣ ಅನ್ನಲು ಅವರಿಗೆ ಅಡ್ಡಿಯಿಲ್ಲ. ಆದರೆ ಲಾಭ ಬೇಡ ಅಂದ ಮಾತ್ರಕ್ಕೆ ಖರ್ಚು ಕಡಿಮೆಯಾಗುತ್ತಾ? ಆಯುಷ್ಮಾನ್ ಕಾರ್ಡಿನಲ್ಲಿ ಅಡ್ಮಿಟ್ ಆಗಿ ಮಾಡಿಸಿಕೊಂಡ ಆಪರೇಷನ್‌ಗೆ ಹಣ ಸಿಗುತ್ತದೆ. ವಾರವಾರ ಬಂದು ಹೋಗುವ ಡ್ರೆಸ್ಸಿಂಗ್‌ಗೆ, ಎರಡನೇ ಜೋಡಿ ಚಪ್ಪಲಿಗೆ ಸಿಗುವುದಿಲ್ಲ. ಕಾಲು ಉಳಿಸುವ ಕೆಲಸಕ್ಕೆ ದಾನಿಗಳನ್ನು ಹುಡುಕಬೇಕು. ಟ್ರಸ್ಟಿನ ಮೀಟಿಂಗಿನಲ್ಲಿ ಪ್ರತಿ ವರ್ಷ ಇದೇ ಚರ್ಚೆ, ಪ್ರತಿ ವರ್ಷ ನಾನು ಹಳೇ ಚಪ್ಪಲಿಗಳನ್ನು ಚೀಲದಲ್ಲಿ ತುಂಬಿಕೊಂಡು ಹೋಗುತ್ತೇನೆ.

ಊಟದ ವಿಷಯದಲ್ಲಿ ಹೆಚ್ಚೇನಿಲ್ಲ. ರಾಗಿ ಒಳ್ಳೆಯದು ಅಂತ ಯಾರೋ ಹೇಳಿರುತ್ತಾರೆ, ಇವರು ಮುದ್ದೆಯ ಗಾತ್ರ ದೊಡ್ಡದು ಮಾಡಿರುತ್ತಾರೆ. ಡಯಟಿಷಿಯನ್ ಈಗ ಗ್ರಾಂ ಲೆಕ್ಕ ಬಿಟ್ಟು ಮುದ್ದೆಯನ್ನೇ ಕಟ್ಟಿ ತೋರಿಸುತ್ತಾರೆ.

ಈಚೆಗೆ ಕಣ್ಣಿನ ವಿಭಾಗದವರೂ ಗುರುವಾರ ಒಂದು ಕುರ್ಚಿ ಕೇಳಿದ್ದಾರೆ. ದಿನಾ ರಾತ್ರಿ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಿ ಅಂತ ನಾವು ಎಲ್ಲರಿಗೂ ಹೇಳಿ ಕಳಿಸುತ್ತೇವೆ. ಶುಗರ್‌ನಿಂದ ಕಣ್ಣು ಮಂಜಾದವರು ಹೇಗೆ ನೋಡಿಕೊಳ್ಳಬೇಕು ಅನ್ನುವುದು ಅವರ ಪ್ರಶ್ನೆ. ಸರಿಯಾದ ಪ್ರಶ್ನೆಯೇ. ಹಾಗಾಗಿ ಅಂಗಾಲು ನೋಡುವುದನ್ನು ಈಗ ಮನೆಯಲ್ಲಿರುವ ಮೊಮ್ಮಕ್ಕಳಿಗೂ ಕಲಿಸುತ್ತಿದ್ದೇವೆ. ಕುರ್ಚಿಯೂ ಹಾಕಿದ್ದೇವೆ, ಬಾಗಿಲು ಮಾತ್ರ ಪೂರ್ತಿ ತೆರೆಯಲು ಬರುತ್ತಿಲ್ಲ.