ಪಾಲಿಕೆ ಲೋಗೋನ ಬ್ಯಾನರ್‌ಗೆ ಹಾಕುವ ಮುಂಚೆ

ರಾಜ್ಯೋತ್ಸವ ಇರಲಿ, ಸ್ವಚ್ಛತಾ ಕಾರ್ಯಕ್ರಮ ಇರಲಿ, ಕಲಬುರಗಿಯಲ್ಲಿ ಬಡಾವಣೆಯವರು ಬ್ಯಾನರ್ ಮಾಡಿಸುವಾಗ ಒಂದು ಮೂಲೆಗೆ ಪಾಲಿಕೆ ಲೋಗೋ ಬೇಕೇ ಬೇಕು ಅಂತಾರೆ. ಡಿಸೈನ್ ಮಾಡುವ ಹುಡುಗ ಗೂಗಲ್‌ನಲ್ಲಿ ಮೊದಲು ಸಿಕ್ಕಿದ್ದನ್ನ ಎಳೆದು ಅಂಟಿಸಿಬಿಡುತ್ತಾನೆ. ಅಲ್ಲೇ ಎಡವಟ್ಟು ಶುರು.

ಮೊದಲು ನಿಮಗೆ ಬೇಕಾದದ್ದು ಯಾವುದು ಅಂತ ಗೊತ್ತು ಮಾಡಿಕೊಳ್ಳಿ. ನಾಲ್ಕು ಸಿಂಹದ ಲಾಂಛನ ಭಾರತ ಸರ್ಕಾರದ್ದು. ಗಂಡಭೇರುಂಡ, ಅದರ ಎರಡೂ ಕಡೆ ಆನೆ ಮುಖದ ಸಿಂಹ, ಮೇಲೆ ಅಶೋಕನ ಸಿಂಹ, ಕೆಳಗೆ ಸತ್ಯಮೇವ ಜಯತೇ ಇದ್ದರೆ ಕರ್ನಾಟಕ ಸರ್ಕಾರದ್ದು. ಪಾಲಿಕೆ ಲೋಗೋ ಇವೆರಡೂ ಅಲ್ಲದ ಮೂರನೆಯದು.

ಸಿಂಹದ ಲಾಂಛನವನ್ನಂತೂ ಮುಟ್ಟಲೇಬೇಡಿ. ಅದಕ್ಕೆ 2005ರ ಕಾಯ್ದೆ, 2007ರ ನಿಯಮಗಳು ಇವೆ. ಸಂಘ ಸಂಸ್ಥೆಗಳು ಲೆಟರ್‌ಹೆಡ್‌ಗೂ ಬಳಸುವ ಹಾಗಿಲ್ಲ, ಮಾಜಿ ಶಾಸಕರೂ ಹಾಕಿಕೊಳ್ಳುವ ಹಾಗಿಲ್ಲ, ಅಷ್ಟೇ ಯಾಕೆ, ಅನುಮತಿ ಇಲ್ಲದೆ ನಗರಸಭೆಯೇ ಬಳಸುವಂತಿಲ್ಲ. ತಪ್ಪಿದರೆ 2 ವರ್ಷದವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಗಂಡಭೇರುಂಡವೂ ಸರ್ಕಾರದ್ದೇ, ಚಂದ ಕಾಣುತ್ತೆ ಅಂತ ಹಕ್ಕಿಯೊಂದನ್ನೇ ಕತ್ತರಿಸಿ ಹಾಕೋದು ಬೇಡ.

ಪಾಲಿಕೆ ಲೋಗೋಗೆ ಆಯುಕ್ತರ ಹೆಸರಿಗೆ ಒಂದು ಅರ್ಜಿ ಬರೆಯಿರಿ. ಯಾದಗಿರಿ ಥರ ನಗರಸಭೆ ಇರುವ ಊರಾದರೆ ಪೌರಾಯುಕ್ತರಿಗೆ. ಯಾವ ಕಾರ್ಯಕ್ರಮ, ಯಾವ ದಿನ, ಲೋಗೋ ಎಲ್ಲೆಲ್ಲಿ ಬರುತ್ತೆ, ಪಾಲಿಕೆಯ ಸಹಯೋಗ ನಿಜವಾಗ್ಲೂ ಇದೆಯಾ ಅನ್ನೋದೆಲ್ಲ ಇರಲಿ. ಡಿಸೈನಿನ ಒಂದು ಪ್ರತಿ ಲಗತ್ತಿಸಿ, ಟಪ್ಪಾಲಿನಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಬಾಯಿಮಾತಲ್ಲಿ 'ಹಾಕ್ಕೊಳ್ರಿ' ಅಂದದ್ದು ನಾಳೆ ಲೆಕ್ಕಕ್ಕೆ ಬರಲ್ಲ.

ಅನುಮತಿ ಸಿಕ್ಕಾಗಲೇ ಮೂಲ ಫೈಲ್ ಕೂಡ ಕೇಳಿ, ಸಿಡಿಆರ್ ಅಥವಾ ಎಸ್‌ವಿಜಿ, ಅಂದ್ರೆ ಎಷ್ಟು ಹಿಗ್ಗಿಸಿದರೂ ಒಡೆಯದ ಥರದ್ದು. ವಾಟ್ಸಾಪಲ್ಲಿ ಬಂದ ಫೋಟೋವನ್ನ ದೊಡ್ಡ ಬ್ಯಾನರ್‌ಗೆ ಹಿಗ್ಗಿಸಿದರೆ ಬರೀ ಚೌಕ ಚೌಕ ಕಾಣುತ್ತೆ. ಲೋಗೋದಲ್ಲಿ 'ಗುಲ್ಬರ್ಗಾ' ಅಂತಿದ್ದರೆ ಅದು ಹಳೇದು, ಊರಿನ ಹೆಸರು ಅಧಿಕೃತವಾಗಿ ಕಲಬುರಗಿ ಆದದ್ದು 2014ರ ನವೆಂಬರ್ 1ರಂದು. ಕೋರೆಲ್ ಡ್ರಾ ಅನ್ನೋ ಡಿಸೈನ್ ಸಾಫ್ಟ್‌ವೇರಲ್ಲಿ ಗಾತ್ರ ಬದಲಿಸುವಾಗ ಮೂಲೆಯ ಚುಕ್ಕಿ ಹಿಡಿದೇ ಎಳೆಯಲು ಹೇಳಿ. ಪಕ್ಕದ ಚುಕ್ಕಿ ಎಳೆದರೆ ದುಂಡಗಿನ ಲೋಗೋ ಮೊಟ್ಟೆ ಆಗುತ್ತೆ! ಅಕ್ಷರಗಳನ್ನ ನುಡಿ ಫಾಂಟಲ್ಲಿ ಹೊಡೆದಿದ್ದರೆ, ಬೇರೆ ಅಂಗಡಿಗೆ ಕಳಿಸುವ ಮುಂಚೆ ಕಂಟ್ರೋಲ್ ಕ್ಯೂ ಒತ್ತಿ ಕರ್ವ್ ಮಾಡಿಸಿ (ಅಕ್ಷರಗಳು ಫಾಂಟ್ ಬೇಡದ ಚಿತ್ರದ ಗೆರೆಗಳಾಗುತ್ತವೆ), ಇಲ್ಲಾಂದ್ರೆ ಆ ಕಡೆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ಕನ್ನಡವೆಲ್ಲ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ ಆಗಿರುತ್ತೆ.

ಫ್ಲೆಕ್ಸ್ ಬೇಡ, ಬಟ್ಟೆ ಬ್ಯಾನರ್ ಮಾಡಿಸಿ. ಪ್ಲಾಸ್ಟಿಕ್ ಫ್ಲೆಕ್ಸು, ಬಂಟಿಂಗು, ಬಾವುಟ ಎಲ್ಲ 2016ರಿಂದಲೇ ರಾಜ್ಯದಲ್ಲಿ ನಿಷೇಧ. ಊರು ನೋಡಿದ್ರೆ ಹಾಗನ್ನಿಸಲ್ಲ, ಅಲ್ವಾ? ಆದ್ರೂ ಪಾಲಿಕೆ ಲೋಗೋ ಹೊತ್ತ ಫ್ಲೆಕ್ಸನ್ನ ಪಾಲಿಕೆಯವರೇ ಕಿತ್ತು ಒಯ್ಯೋದು ಯಾರಿಗೆ ಬೇಕು. ರಸ್ತೆಗೆ ಕಟ್ಟುವುದಕ್ಕೆ ಬೇರೆ ಅನುಮತಿ ಬೇಕು, ಅದನ್ನೂ ಅದೇ ದಿನ ಕೇಳಿಬಿಡಿ.

ಇನ್ನು ಬಾವುಟ. ಪಾಲಿಕೆ ಕಟ್ಟಡದ ಮೇಲೆ ಹಾರೋದು ರಾಷ್ಟ್ರಧ್ವಜ. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವಕ್ಕೂ ನಾವು ಏರಿಸೋದು ಅದನ್ನೇ. ಅಳತೆ 3:2, ಚಕ್ರಕ್ಕೆ 24 ಕಡ್ಡಿ, ಎಣಿಸಿಯೇ ಕೊಳ್ಳಿ. ಖಾದಿದು ಬೇಕಾದರೆ ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುತ್ತೆ. ನವೆಂಬರ್ 1ಕ್ಕೆ ಕನ್ನಡ ಬಾವುಟ ಹಾರಿಸುವಾಗ ಹಳದಿ ಮೇಲೆ, ಕೆಂಪು ಕೆಳಗೆ. ಎರಡನ್ನೂ ಒಂದೇ ಕಂಬಕ್ಕೆ ಕಟ್ಟಬೇಡಿ, ಕನ್ನಡ ಬಾವುಟದ ಕಂಬ ಎತ್ತರವೂ ಆಗಬಾರದು. 2018ರಲ್ಲಿ ರಾಜ್ಯ ಸರ್ಕಾರ ತೋರಿಸಿದ ಬಿಳಿ ಪಟ್ಟಿಯ ಬಾವುಟಕ್ಕೆ ಕೇಂದ್ರದ ಒಪ್ಪಿಗೆ ಸಿಗಲಿಲ್ಲ, ಅದನ್ನ ಅಧಿಕೃತ ಅಂತ ಕರಪತ್ರದಲ್ಲಿ ಅಚ್ಚು ಹಾಕಿಸಬೇಡಿ.

ಇಷ್ಟಾದ ಮೇಲೆ ಎ4 ಹಾಳೆಯಲ್ಲಿ ಒಂದು ಬಣ್ಣದ ಪ್ರಿಂಟ್ ತೆಗೆಸಿ, ಡಿಸೈನ್ ಮಾಡದ ಯಾರಾದ್ರೂ ಒಬ್ಬರಿಗೆ ಓದೋಕೆ ಕೊಡಿ. ಹಬ್ಬದ ವಾರದಲ್ಲಿ ಅಂಗಡಿಯವರಿಗೆ ತಿದ್ದೋಕೆ ಪುರುಸೊತ್ತು ಇರಲ್ಲ, ಅದಕ್ಕೆ ಮುಂಚೆಯೇ ಹೋಗಿ.