ಹಯಾಬುಸಾ ಇಂಜಿನ್ ಹಾಕಿ ಮನೆಯಲ್ಲೇ ಕಾರು ಕಟ್ಟಿದ ನನ್ನ ಅನುಭವ

ಸುಜುಕಿ ಹಯಾಬುಸಾ ಬೈಕಿನ ಇಂಜಿನ್ ಕಾರನ್ನು ಎಳೆಯುವುದಿಲ್ಲ ಅಂದವರೇ ಈಗ "ಒಂದ್ ರೌಂಡ್ ಕರಕೊಂಡ್ ಹೋಗ್ರಿ" ಅನ್ನುತ್ತಾರೆ. ಹೋದ ಚಳಿಗಾಲದಲ್ಲಿ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ರೇಸ್ ಟ್ರ್ಯಾಕಿನಲ್ಲಿ ನನ್ನ ಕಾರು ಇಡೀ ದಿನ ಓಡಿತು. ಆಯಿಲ್ ಪ್ರೆಶರ್ ಒಂದು ಸಲವೂ ಬೀಳಲಿಲ್ಲ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಶುರು ಮಾಡಿದ್ದು 2011ರ ಸುಮಾರಿಗೆ, ಬೆಳಗಾವಿಯ ತಿಲಕವಾಡಿಯಲ್ಲಿರುವ ನಮ್ಮ ಮನೆ ಹಿಂದಿನ ಶೆಡ್ಡಿನಲ್ಲಿ. ಚಾಸಿ, ಅಂದರೆ ಕಾರಿನ ಅಸ್ಥಿಪಂಜರ, ಲೋಟಸ್ ಸೆವೆನ್ ಅನ್ನುವ ಹಳೇ ಇಂಗ್ಲಿಷ್ ಸ್ಪೋರ್ಟ್ಸ್ ಕಾರಿನ ಮಾದರಿಯದು. 25 ಎಂಎಂ ಚೌಕದ ಪೈಪು, 16 ಗೇಜು ದಪ್ಪ, ಸಿಓಟು ಗ್ಯಾಸಿನ ವೆಲ್ಡಿಂಗ್. ಹಿಂದಿನ ಎಕ್ಸೆಲ್ (ಚಕ್ರಗಳ ಅಚ್ಚು) ಮಾರುತಿ ಜಿಪ್ಸಿಯದು. ಹಳೇ ಕಾಂಟೆಸ್ಸಾ ಕಾರಿನದು ಹಾಕು ಅಂತ ಎಲ್ಲರೂ ಹೇಳಿದರು. ಅದರ ಭಾರ ನೋಡಿ ಬೇಡ ಅಂದೆ.

ಇಂಜಿನ್ 1340 ಸಿಸಿ. ಕಂಪನಿ ಲೆಕ್ಕದಲ್ಲಿ 190ಕ್ಕೂ ಮೇಲೆ ಹಾರ್ಸ್‌ಪವರ್. ಪುಣೆಯಲ್ಲಿ ಆಕ್ಸಿಡೆಂಟ್ ಆಗಿದ್ದ ಗಾಡಿಯದು, ಎರಡೂವರೆ ಲಕ್ಷ ಬಿತ್ತು. ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್), ವೈರಿಂಗ್, ಕೀ ಎಲ್ಲ ಒಟ್ಟಿಗೆ ಸಿಕ್ಕರೆ ಮಾತ್ರ ತಗೊಳ್ಳಿ. ಬಿಡಿಬಿಡಿಯಾಗಿ ಹುಡುಕಲು ಹೋದರೆ ಇನ್ನೊಂದು ಇಂಜಿನ್ನಿನ ದುಡ್ಡು ಹೋಗುತ್ತದೆ. ಗಾಡಿ ಬಿದ್ದರೆ ಇಂಜಿನ್ ಬಂದ್ ಮಾಡುವ ಸೆನ್ಸರ್ ಒಂದಿದೆ. ಅದು ಬೈಕಿನಲ್ಲಿ ಹೇಗೆ ನಿಂತಿತ್ತೋ ಹಾಗೇ ನೆಟ್ಟಗೆ ಕೂರಿಸಬೇಕು. ಇಲ್ಲಾಂದ್ರೆ ಸ್ಟಾರ್ಟೇ ಆಗುವುದಿಲ್ಲ.

ನಿಜವಾದ ಕಾಟ ಆಯಿಲ್‌ದು. ಬೈಕು ತಿರುವಿನಲ್ಲಿ ವಾಲುತ್ತದೆ, ಹಾಗಾಗಿ ಆಯಿಲ್ ಸಂಪಿನ (ಇಂಜಿನ್ ಕೆಳಗಿನ ಆಯಿಲ್ ತೊಟ್ಟಿಯ) ತಳದಲ್ಲೇ ಇರುತ್ತದೆ. ಕಾರು ವಾಲುವುದಿಲ್ಲ. ಆಯಿಲ್ ಸಂಪಿನ ಒಂದು ಗೋಡೆಗೆ ಏರಿ ಕೂರುತ್ತದೆ, ಆಯಿಲ್ ಹೀರುವ ಕೊಳವೆ, ಅಂದರೆ ಪಿಕಪ್, ಗಾಳಿ ಎಳೆಯುತ್ತದೆ. ಹತ್ತು ಸಾವಿರ ಆರ್‌ಪಿಎಂನಲ್ಲಿ ಬೇರಿಂಗ್ ಹೋಗಲು ಎಷ್ಟು ಹೊತ್ತು ಬೇಕು? ಖಾನಾಪುರ ರಸ್ತೆ ಕಡೆ ಗೆಳೆಯನ ದೊಡ್ಡ ಯಾರ್ಡಿನಲ್ಲಿ ಸುತ್ತು ಹೊಡೆಯುವಾಗ ಕೆಳಗಿಂದ ಟಕಟಕ ಸದ್ದು ಬಂತು. ಆಯಿಲ್ ಬಸಿದು ಟ್ರೇಯನ್ನು ಬಿಸಿಲಿಗೆ ಹಿಡಿದರೆ ಬೆಳ್ಳಗೆ ಮಿಂಚುವ ಬೇರಿಂಗ್ ಪುಡಿ. ಬೆರಳಿಗೆ ಹಚ್ಚಿ ತಿಕ್ಕಿದರೆ ಒರಟು. ಇಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕಿಗೂ ಗೀರು ಬಿದ್ದಿತ್ತು. ಒಂದೂವರೆ ಲಕ್ಷ ಅಲ್ಲಿಗೆ ಮುಗಿಯಿತು, ಕೆಲಸ ಎರಡು ವರ್ಷ ನಿಂತಿತು.

ಆಯಿಲನ್ನು ಬೇರೆ ಟ್ಯಾಂಕಿನಲ್ಲಿಡುವ ಡ್ರೈ ಸಂಪ್ ತರಿಸು ಅಂತ ಕೆಲವರು ಅಂದರು. ಕಸ್ಟಮ್ಸ್ ಡ್ಯೂಟಿ ಸೇರಿ ಹೆಚ್ಚುಕಡಿಮೆ ಎರಡು ಲಕ್ಷ ಆಗುತ್ತಿತ್ತು. ನಾನು ಅಕ್ರಿಲಿಕ್ ಶೀಟಿನಲ್ಲಿ ಸಂಪಿನದೇ ಅಳತೆಯ ಡಬ್ಬಿ ಮಾಡಿ ಆಯಿಲ್ ತುಂಬಿದೆ. ಡಬ್ಬಿಯನ್ನು 45 ಡಿಗ್ರಿ ಓರೆ ಮಾಡಿದರೆ ಆಯಿಲ್ ನಿಲ್ಲುವ ಜಾಗವೂ, ಕಾರು ಒಂದು ಜಿ (ಭೂಮಿಯ ಸೆಳೆತದಷ್ಟೇ) ಜೋರಿನಲ್ಲಿ ತಿರುಗುವಾಗ ಅದು ನಿಲ್ಲುವ ಜಾಗವೂ ಒಂದೇ. ಹಾಗೆ ನೋಡಿ ನೋಡಿ ಪಿಕಪ್ ಸುತ್ತ ಬ್ಯಾಫಲ್ (ಆಯಿಲ್ ತಡೆಯುವ ಅಡ್ಡ ತಗಡು) ಕಟ್ಟಿದೆ, ಒಳಕ್ಕೆ ಮಾತ್ರ ತೆರೆಯುವ ಫ್ಲಾಪ್ ಇಟ್ಟೆ. ಫ್ಲಾಪಿನ ಅಳತೆ, ಹಿಂಜ್ ಎಲ್ಲಿ ಕೂರಬೇಕು ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಖರ್ಚು ಆರೇಳು ಸಾವಿರ.

ಇಂಜಿನ್ ಔಟ್‌ಪುಟ್‌ನಿಂದ, ಹಿಂದಿನ ಎಕ್ಸೆಲ್ ತಿರುಗಿಸುವ ಪ್ರೊಪೆಲ್ಲರ್ ಶಾಫ್ಟಿಗೆ ಹೋಗುವ ಅಡಾಪ್ಟರ್ ಮೊದಲು ಇಎನ್ 8 ಅನ್ನುವ ಉಕ್ಕಿನಲ್ಲಿ ಮಾಡಿಸಿದ್ದೆ. ಸ್ಪ್ಲೈನ್ (ಹಿಡಿತದ ಹಲ್ಲುಗಳು) ನುಣ್ಣಗೆ ಸವೆದುಹೋಯಿತು. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಗೇರ್ ಕಟಿಂಗ್ ಮಿಸ್ತ್ರಿ ಅದನ್ನು ಕೈಯಲ್ಲಿ ಹಿಡಿದು ನೋಡಿ "ಸಾಹೇಬ್ರ, ಇದಕ್ಕ ಇಪ್ಪತ್ನಾಕು ಹಾಕ್ರಿ, ಎಂಟು ತಡಿಯಂಗಿಲ್ರಿ" ಅಂದರು. ಇಎನ್ 24, ಹಾರ್ಡನ್ ಮಾಡಿ ಟೆಂಪರ್ ಮಾಡಿದ್ದು, ಇವತ್ತಿಗೂ ಹಾಗೇ ಇದೆ. ಶಾಫ್ಟು ಎರಡು ತುಂಡಿನದು, ನಡುವೆ ಸೆಂಟರ್ ಬೇರಿಂಗ್. ಒಂದೇ ಉದ್ದ ಶಾಫ್ಟ್ ಹಾಕಬೇಡಿ, ಆ ಸ್ಪೀಡಿಗೆ ನಡು ಬಾಗಿ ಕುಣಿಯುತ್ತದೆ.

ಬೆಳಗಾವಿಯಲ್ಲಿದ್ದಿದ್ದಕ್ಕೇ ಈ ಕಾರು ಆಯಿತು, ಅದನ್ನು ಹೇಳಲೇಬೇಕು. ಒಂದೇ ರಸ್ತೆಯಲ್ಲಿ ಎರಕದ ಪ್ಯಾಟರ್ನ್ (ಮಾದರಿ) ಮಾಡುವವರು, ಫೌಂಡ್ರಿ, ಹೀಟ್ ಟ್ರೀಟ್‌ಮೆಂಟ್, ಮಶೀನ್ ಶಾಪ್ ಸಿಗುತ್ತವೆ. ಮುಂದಿನ ಚಕ್ರದ ಬೇರಿಂಗ್ ಕೂರುವ ಅಪ್‌ರೈಟ್‌ಗಳನ್ನು ಎಲ್‌ಎಂ 25 ಅಲ್ಯುಮಿನಿಯಂನಲ್ಲಿ ಎರಕ ಹೊಯ್ಯಿಸಿದೆ. ಮೊದಲ ಜೋಡಿಯಲ್ಲಿ ಬೇರಿಂಗ್ ಜಾಗ ಬೋರ್ ಮಾಡುತ್ತಿದ್ದಂತೆ ಸೂಜಿಮೊನೆಯಷ್ಟು ತೂತುಗಳು ಕಂಡವು. ಎಸೆದೆ. ಬೇರೆ ಕಡೆ ರೈಸರ್ (ಎರಕ ಆರುವಾಗ ಹೆಚ್ಚುವರಿ ಲೋಹ ಒದಗಿಸುವ ಬಾಯಿ) ದೊಡ್ಡದು ಮಾಡಿ ಹೊಯ್ಯಿಸಿದ ಮೇಲೆ ಗಟ್ಟಿ ಬಂತು.

ರಿವರ್ಸ್ ಗೇರಿನ ಹುಚ್ಚು ಒಂದಿತ್ತು. ಹಯಾಬುಸಾಗೆ ರಿವರ್ಸ್ ಇಲ್ಲ ಅಲ್ವಾ. ಮಾರುತಿ 800ರ ಫ್ಲೈವೀಲ್ ರಿಂಗ್ ಗೇರನ್ನು ಹಿಂದಿನ ಎಕ್ಸೆಲಿನ ಡಿಫರೆನ್ಷಿಯಲ್ ಫ್ಲೇಂಜಿಗೆ ಕೂರಿಸಿ, ಅದೇ ಕಾರಿನ ಸ್ಟಾರ್ಟರ್ ಮೋಟರ್ ಹಚ್ಚಿದೆ. ಹತ್ತು ಸೆಕೆಂಡ್ ಚೆನ್ನಾಗಿ ಹಿಂದಕ್ಕೆ ಎಳೆಯುತ್ತದೆ, ಆಮೇಲೆ ಬಿಸಿಯಾಗುತ್ತದೆ. ಪಾರ್ಕಿಂಗಿಗೆ ಸಾಕು.

ನೋಸ್ ಕೋನಿನ (ಕಾರಿನ ಮೂತಿಯ) ಪ್ಲಗ್, ಅಂದರೆ ಅಚ್ಚು ತೆಗೆಯುವ ಮೂಲ ಮಾದರಿ, ಮಾಡಿದ್ದು ಗಣಪತಿ ಮಾಡುವ ಕಲಾವಿದರು. ಹಬ್ಬ ಮುಗಿದ ಮೇಲೆ ಅವರಿಗೆ ಬಿಡುವು. ಪಿಓಪಿಯಲ್ಲಿ ಅವರು ತೆಗೆದ ಉಬ್ಬು ನನ್ನ ಕೈಯಿಂದ ಸಾಧ್ಯವೇ ಇರಲಿಲ್ಲ. ಅದರ ಮೇಲೆ ಫೈಬರ್ ಮೋಲ್ಡ್ ಎತ್ತಿದೆ.

ಒಟ್ಟು ಖರ್ಚು ಹನ್ನೆರಡು ಲಕ್ಷದ ಆಸುಪಾಸು, ಅದರಲ್ಲಿ ಮೂರು ಲಕ್ಷ ಸ್ಕ್ರ್ಯಾಪಿಗೆ ಹೋದ ಸಾಮಾನು. ಕಬ್ಬಿನ ಗಾಡಿ ತೂಗುವ ಕಾಟಾದಲ್ಲಿ ತೂಗಿದಾಗ 540 ಕಿಲೋ ತೋರಿಸಿತು. ಅಂದರೆ ಟನ್ನಿಗೆ 300ಕ್ಕೂ ಜಾಸ್ತಿ ಹಾರ್ಸ್‌ಪವರ್. ಎರಡನೇ ಗೇರಿನಲ್ಲೂ ಆಕ್ಸಿಲರೇಟರ್ ತುಳಿದರೆ ಹಿಂದಿನ ಚಕ್ರಗಳು ಜಾರಿ ತಿರುಗಿ ಹೊಗೆ ಎಬ್ಬಿಸುತ್ತವೆ. ಟಾಪ್ ಸ್ಪೀಡ್ ಗಂಟೆಗೆ 160 ಕಿಮೀ ಹತ್ತಿರ ನಿಲ್ಲುತ್ತದೆ, ಹಿಂದಿನ ಎಕ್ಸೆಲಿನ ಗೇರ್ (ಕ್ರೌನ್-ಪಿನಿಯನ್) ಲೆಕ್ಕವೇ ಹಾಗಿದೆ. ಟೈಪ್ ಅಪ್ರೂವಲ್ (ಗಾಡಿಯ ಮಾದರಿಗೆ ಅಧಿಕೃತ ಒಪ್ಪಿಗೆ) ಇಲ್ಲದೆ ಆರ್‌ಟಿಓ ನಂಬರ್ ಕೊಡುವುದಿಲ್ಲ. ಹಾಗಾಗಿ ಇದು ಟ್ರೇಲರ್ ಮೇಲೆ ಟ್ರ್ಯಾಕಿಗೆ ಹೋಗಿ ಬರುವ ಕಾರು. ರಸ್ತೆಗೆ ಇಳಿಸುವುದಿಲ್ಲ.

ಈಗ ಕ್ಲಚ್ ಸ್ಪ್ರಿಂಗ್ ಕೆಲಸ ನಡೆದಿದೆ, ಕಂಪನಿಯ ಸ್ಪ್ರಿಂಗ್ ಇದ್ದರೆ ಕ್ಲಚ್ ಕಾರಿನ ಭಾರಕ್ಕೆ ಜಾರುತ್ತದೆ. ನೋಸ್ ಕೋನಿನ ಮೋಲ್ಡ್ ಶೆಡ್ಡಿನಲ್ಲಿ ಖಾಲಿ ಇದೆ. ಸೆವೆನ್ ಕಟ್ಟುವವರು ಯಾರಾದರೂ ಇದ್ದರೆ ಬಂದು ಒಂದು ನೋಸ್ ಕೋನ್ ಎತ್ತಿಕೊಳ್ಳಿ, ರೆಸಿನ್ ಮತ್ತು ಫೈಬರ್ ಮ್ಯಾಟ್ ನಿಮ್ಮದು.