ಲಿಸ್ಪ್‌ನಲ್ಲಿ ಎಡಿಟರ್‌ಗೆ ಕಮಾಂಡ್ ಲೂಪ್: ಬಳ್ಳಾರಿ, ಯಲಬುರ್ಗಾ ಒಡೆಯದ ಹಾಗೆ

ಎಡಿಟರ್, ಅಂದರೆ ಪಠ್ಯ ಬರೆದು ತಿದ್ದುವ ಪ್ರೋಗ್ರಾಂ, ಮೂಲತಃ ಒಂದು ಲೂಪು: ಕೀ ಓದು, ಅದಕ್ಕೆ ಕಟ್ಟಿದ ಕೆಲಸ ಹುಡುಕು, ಮಾಡು, ಸ್ಕ್ರೀನ್ ಬರೆ. ಇಷ್ಟನ್ನು ಹತ್ತು ಸಾಲಿನಲ್ಲಿ ಬರೆಯಬಹುದು. ತೊಂದರೆ ಶುರುವಾಗುವುದು ಒಂದು ಕೆಲಸಕ್ಕೂ ಮುಂದಿನ ಕೆಲಸಕ್ಕೂ ನಡುವೆ: ಏನನ್ನು ನೆನಪಿಡಬೇಕು, ತಪ್ಪಾದರೆ ಎಲ್ಲಿಗೆ ವಾಪಸ್ ಬರಬೇಕು, ಕರ್ಸರ್ ಎಲ್ಲಿ ನಿಲ್ಲಬಾರದು. ಈ ಬರಹದ ಹೆಚ್ಚಿನ ಭಾಗ ಅದರ ಬಗ್ಗೆಯೇ.

ಬೇಕಾದದ್ದು ಲಿನಕ್ಸ್, ಎಸ್‌ಬಿಸಿಎಲ್ (ಕಾಮನ್ ಲಿಸ್ಪ್ ಭಾಷೆಯ ಪ್ರೋಗ್ರಾಂ ಓಡಿಸುವ ತಂತ್ರಾಂಶ) ಮತ್ತು ಒಂದು ನಿಜವಾದ ಟರ್ಮಿನಲ್. ಈಮ್ಯಾಕ್ಸ್ ಎಡಿಟರಿನಲ್ಲಿ ಲಿಸ್ಪ್ ಬರೆಯಲು ಬಳಸುವ ಸ್ಲೈಮ್ ಒಳಗೆ ಓಡಿಸಬೇಡಿ. ಅಲ್ಲಿ ಕೆಳಗೆ ಟರ್ಮಿನಲ್ ಇರುವುದಿಲ್ಲ, ಮೊದಲ ಹೆಜ್ಜೆಯಲ್ಲೇ ಎರರ್ ಬರುತ್ತದೆ. ಕೆಳಗಿನ ಕೋಡಿನಲ್ಲಿ ಲಿಸ್ಪ್‌ನ ಸ್ವಂತ ಪದಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ. ಫೈಲಿನಲ್ಲಿ ಅವನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ. ನಾವು ಇಟ್ಟ ಹೆಸರುಗಳನ್ನು ಮಾತ್ರ ಹಾಗೇ ಕನ್ನಡದಲ್ಲಿ ಬರೆಯಬಹುದು, ಎಸ್‌ಬಿಸಿಎಲ್ ಒಪ್ಪುತ್ತದೆ. ಆದರೆ ಹೆಸರಿನೊಳಗೆ ಕಣ್ಣಿಗೆ ಕಾಣದ ಜೋಡಿಮುರುಕ, ಅಂದರೆ ಅಕ್ಷರಗಳನ್ನು ಕೂಡಗೊಡದ ಯೂನಿಕೋಡ್ 8204, ನುಸುಳದಂತೆ ನೋಡಿಕೊಳ್ಳಿ. ಅದು ಸೇರಿದ ಹೆಸರೂ ಸೇರದ ಹೆಸರೂ ಸ್ಕ್ರೀನ್ ಮೇಲೆ ಒಂದೇ ಥರ ಕಾಣುತ್ತವೆ, ಲಿಸ್ಪ್‌ಗೆ ಮಾತ್ರ ಬೇರೆ ಬೇರೆ. ‘ಇಂಥ ಫಂಕ್ಷನ್ ಇಲ್ಲ’ ಎಂಬ ಎರರ್ ಬಂದು, ಫಂಕ್ಷನ್ ಕಣ್ಣೆದುರೇ ಇದ್ದರೆ ಮೊದಲು ಇದನ್ನೇ ಅನುಮಾನಿಸಿ.

ಟರ್ಮಿನಲ್ ಸಿದ್ಧಪಡಿಸುವುದು

ಟರ್ಮಿನಲ್ ಸಾಮಾನ್ಯವಾಗಿ ಎಂಟರ್ ಒತ್ತುವ ತನಕ ಸಾಲನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಎಸ್‌ಬಿ-ಪಾಸಿಕ್ಸ್ ಲೈಬ್ರರಿ ಲೋಡ್ ಮಾಡಿ, ಟರ್ಮಿನಲ್ಲಿನ ಸೆಟ್ಟಿಂಗುಗಳ ಪ್ರತಿ ಕೊಡುವ ಟಿಸಿಗೆಟ್‌ಆಟರ್ ಎರಡು ಸಲ ಕರೆಯಿರಿ: ಒಂದು ಪ್ರತಿ ವಾಪಸ್ ಹಾಕಲು, ಇನ್ನೊಂದು ಬದಲಿಸಲು. ಬದಲಿಸುವ ಪ್ರತಿಯಲ್ಲಿ ಐಕ್ಯಾನನ್ (ಸಾಲು ಹಿಡಿದಿಡುವುದು), ಎಕೋ (ಟೈಪ್ ಮಾಡಿದ್ದನ್ನು ತೋರುವುದು), ಐಸಿಆರ್‌ಎನ್‌ಎಲ್, ಐಎಕ್ಸಾನ್ ಈ ನಾಲ್ಕನ್ನು ತೆಗೆಯಿರಿ. ವಿಮಿನ್ 1, ವಿಟೈಮ್ 0 ಇಡಿ, ಅಂದರೆ ಒಂದು ಬೈಟು ಬಂದ ಕೂಡಲೇ ಓದು ಮುಗಿಯಲಿ. ಬದಲಿಸಿದ ಪ್ರತಿಯನ್ನು ಟಿಸಿಸೆಟ್‌ಆಟರ್‌ನಿಂದ ಟರ್ಮಿನಲ್ಲಿಗೆ ಹಾಕಿ. ಐಎಕ್ಸಾನ್ ಉಳಿದರೆ ಕಂಟ್ರೋಲ್-ಎಸ್ ಒತ್ತಿದ ಕೂಡಲೇ ಸ್ಕ್ರೀನ್ ಗಟ್ಟಿಯಾಗಿ ನಿಂತುಬಿಡುತ್ತದೆ, ಕಂಟ್ರೋಲ್-ಕ್ಯೂ ಒತ್ತಿದರಷ್ಟೇ ಬಿಡುತ್ತದೆ. ಐಸಿಆರ್‌ಎನ್‌ಎಲ್ ಉಳಿದರೆ ಎಂಟರ್ 13 ಆಗಿ ಬರುವ ಬದಲು 10 ಆಗಿ ಬರುತ್ತದೆ, ಕಂಟ್ರೋಲ್-ಜೆಗೂ ಅದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ.

ಐಸಿಗ್ ಎಂಬ ಇನ್ನೊಂದು ಸೆಟ್ಟಿಂಗನ್ನು ಈಗಲೇ ತೆಗೆಯಬೇಡಿ. ಅದಿದ್ದರೆ, ಬರೆದ ಲೂಪು ಸುತ್ತುತ್ತಲೇ ಇದ್ದಾಗ ಕಂಟ್ರೋಲ್-ಸಿ ಒತ್ತಿ ಡಿಬಗರ್‌ಗೆ ಇಳಿಯಬಹುದು. ಎಲ್ಲ ಸರಿಯಾದ ಮೇಲೆ ತೆಗೆದರಾಯಿತು.

ಇಡೀ ಎಡಿಟರನ್ನು ಅನ್‌ವೈಂಡ್-ಪ್ರೊಟೆಕ್ಟ್ ಒಳಗೆ ಇಡಿ. ಎರರ್ ಬಂದರೂ ತಪ್ಪದೆ ಓಡುವ ಅದರ ಕೊನೆಯ ಭಾಗದಲ್ಲಿ ಹಳೆಯ ಪ್ರತಿಯನ್ನು ಟಿಸಿಸೆಟ್‌ಆಟರ್‌ನಿಂದ ವಾಪಸ್ ಹಾಕಿ. ಆದರೂ ಒಂದಲ್ಲ ಒಂದು ದಿನ ಟೈಪ್ ಮಾಡಿದ್ದು ಕಾಣದ ಟರ್ಮಿನಲ್ ಕೈಗೆ ಸಿಗುತ್ತದೆ. ಆಗ ಕಾಣದಿದ್ದರೂ ‘ಎಸ್‌ಟಿಟಿವೈ ಸೇನ್’ ಎಂದು ಟೈಪ್ ಮಾಡಿ, ಎಂಟರ್ ಬದಲು ಕಂಟ್ರೋಲ್-ಜೆ ಒತ್ತಿ.

ಲೂಪು

(ಡಿಫನ್ ಕಮಾಂಡ್-ಲೂಪ್ ()
  (ಲೂಪ್
    (ಅನ್‌ಲೆಸ್ (ಲಿಸನ್) (ಸ್ಕ್ರೀನ್-ಬರೆ))
    (ಹ್ಯಾಂಡ್ಲರ್-ಕೇಸ್
      (ಪ್ರಾಗ್ನ್
        (ಸೆಟ್ಎಫ್ *ಈಗಿನ-ಕೆಲಸ* (ಕೆಲಸ-ಹುಡುಕು (ಕೀ-ಓದು)))
        (ಫನ್‌ಕಾಲ್ *ಈಗಿನ-ಕೆಲಸ*)
        (ಸೆಟ್ಎಫ್ *ಹಿಂದಿನ-ಕೆಲಸ* *ಈಗಿನ-ಕೆಲಸ*))
      (ಎಂಡ್-ಆಫ್-ಫೈಲ್ () (ರಿಟರ್ನ್))
      (ಎರರ್ (ತಪ್ಪು)
        (ಸಂದೇಶ-ತೋರು ತಪ್ಪು)
        (ಸೆಟ್ಎಫ್ *ಹಿಂದಿನ-ಕೆಲಸ* ನಿಲ್)))))

ಎರರ್ ಹಿಡಿಯುವ ಹ್ಯಾಂಡ್ಲರ್-ಕೇಸ್ ಲೂಪಿನ ಒಳಗಿದೆ. ಹೊರಗಿಟ್ಟರೆ ಮೊದಲ ತಪ್ಪಿಗೇ ಎಡಿಟರ್ ಮುಚ್ಚಿ, ಸೇವ್ ಆಗದ್ದೆಲ್ಲ ಹೋಗುತ್ತದೆ. ಕಾಮನ್ ಲಿಸ್ಪ್‌ನಲ್ಲಿ ಎಂಡ್-ಆಫ್-ಫೈಲ್ ಕೂಡ ಒಂದು ಎರರ್ರೇ. ಅದರ ಸಾಲನ್ನು ಎರರ್ ಸಾಲಿಗಿಂತ ಮೇಲೆ ಬರೆಯದಿದ್ದರೆ, ಇನ್‌ಪುಟ್ ಮುಗಿದ ಮೇಲೂ ಲೂಪು ಅದೇ ಎರರ್ ಹಿಡಿಯುತ್ತ ಓಡುತ್ತಲೇ ಇರುತ್ತದೆ, ಸಿಪಿಯುವಿನ ಒಂದು ಕೋರ್ ಪೂರ್ತಿ ಅದಕ್ಕೇ ಹೋಗುತ್ತದೆ. ಹೊಂದುವ ಮೊದಲ ಸಾಲನ್ನೇ ಹ್ಯಾಂಡ್ಲರ್-ಕೇಸ್ ಆರಿಸಿಕೊಳ್ಳುವುದರಿಂದ ಇಲ್ಲಿ ಕ್ರಮ ಮುಖ್ಯ.

ಓದಬೇಕಾದದ್ದು ಇನ್ನೂ ಇದೆಯೇ ಎಂದು ನೋಡುವ ಲಿಸನ್ ಇರುವುದು ಪೇಸ್ಟ್ ಮಾಡಿದಾಗ ಉಪಯೋಗಕ್ಕೆ ಬರಲೆಂದು. ನೂರು ಸಾಲು ಒಟ್ಟಿಗೆ ಬಂದರೆ ಪ್ರತಿ ಅಕ್ಷರಕ್ಕೂ ಸ್ಕ್ರೀನ್ ಬರೆಯುವುದು ದಂಡ. ಬಂದದ್ದನ್ನೆಲ್ಲ ಓದಿ ಮುಗಿಸಿ ಒಂದೇ ಸಲ ಬರೆದರೆ ಸಾಕು. ಸ್ಕ್ರೀನ್-ಬರೆ ಕೊನೆಗೆ ಫಿನಿಶ್-ಔಟ್‌ಪುಟ್ ಕರೆಯಲೇಬೇಕು. ಮರೆತರೆ ಒತ್ತಿದ ಕೀ ಒಂದು ಹೆಜ್ಜೆ ತಡವಾಗಿ ಕಾಣುತ್ತದೆ, ನೀವು ತಪ್ಪನ್ನು ಕೀ ಓದುವ ಕಡೆ ಹುಡುಕುತ್ತ ಕೂರುತ್ತೀರಿ.

ಕೀಮ್ಯಾಪ್

ಒಂದು ಹ್ಯಾಶ್ ಟೇಬಲ್ ಸಾಕು: ಕೀಯ ಸಂಖ್ಯೆಗೆ ಕೆಲಸದ ಹೆಸರು. ಕಂಟ್ರೋಲ್-ಎ 1, ಕಂಟ್ರೋಲ್-ಜಿ 7, ಕಂಟ್ರೋಲ್-ಕೆ 11, ಕಂಟ್ರೋಲ್-ಎಕ್ಸ್ 24, ಬ್ಯಾಕ್‌ಸ್ಪೇಸ್ ಸಾಮಾನ್ಯವಾಗಿ 127. ಫಂಕ್ಷನ್ನನ್ನೇ ಇಡಬೇಡಿ, ಅದರ ಹೆಸರನ್ನು, ಅಂದರೆ ಸಿಂಬಲ್ಲನ್ನು ಇಡಿ. ಹೀಗೆ ಮಾಡಿದರೆ ಎಡಿಟರ್ ಓಡುತ್ತಿರುವಾಗಲೇ ಫಂಕ್ಷನ್ ತಿದ್ದಿದರೆ ಮುಂದಿನ ಒತ್ತಿಗೇ ಹೊಸದು ಓಡುತ್ತದೆ. ಹಿಂದಿನ ಕೆಲಸ ಯಾವುದಿತ್ತೆಂದು ಈಕ್‌ನಿಂದ ನೇರವಾಗಿ ಹೋಲಿಸಲೂಬಹುದು. 1978ರಲ್ಲಿ ಬರ್ನಾರ್ಡ್ ಗ್ರೀನ್‌ಬರ್ಗ್ ಮಲ್ಟಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿಗಾಗಿ ಮ್ಯಾಕ್‌ಲಿಸ್ಪ್ ಎಂಬ ಹಳೆಯ ಲಿಸ್ಪ್‌ನಲ್ಲಿ ಈಮ್ಯಾಕ್ಸ್ ಬರೆದರು. ಎಡಿಟರ್‌ಗೆ ಲಿಸ್ಪ್ ಇಷ್ಟು ಒಗ್ಗುವುದು, ಓಡುತ್ತಿರುವಾಗಲೇ ತಿದ್ದಬಹುದಾದ ಈ ಗುಣದಿಂದಲೇ.

ಕಂಟ್ರೋಲ್-ಎಕ್ಸ್ ಕಂಟ್ರೋಲ್-ಎಸ್ ಥರದ ಜೋಡಿಗೆ, 24ರ ಎದುರು ಕೆಲಸದ ಬದಲು ಇನ್ನೊಂದು ಹ್ಯಾಶ್ ಟೇಬಲ್ ಇಡಿ. ಸಿಕ್ಕಿದ್ದು ಟೇಬಲ್ ಆದರೆ ಇನ್ನೊಂದು ಕೀ ಓದಿ ಅದರಲ್ಲಿ ಹುಡುಕಿ. ಜೋಡಿಯನ್ನೇ ಲಿಸ್ಟ್ ಮಾಡಿ ಕೀ ಆಗಿ ಇಟ್ಟರೆ ಯಾವುದೂ ಸಿಗುವುದಿಲ್ಲ, ಯಾಕೆಂದರೆ ಹ್ಯಾಶ್ ಟೇಬಲ್ ತಾನಾಗಿ ಬಳಸುವುದು ಈಕ್ವಲ್ ಹೋಲಿಕೆ ಅಲ್ಲ, ಈಕ್ಯುಎಲ್; ಅದಕ್ಕೆ ಒಳಗೆ ಒಂದೇ ಸಂಖ್ಯೆಗಳಿರುವ ಎರಡು ಲಿಸ್ಟೂ ಬೇರೆ ಬೇರೆ. ಟೇಬಲ್ಲಿನಲ್ಲಿ ಇಲ್ಲದ, 32 ಅಥವಾ ಅದಕ್ಕೂ ಮೇಲಿನ, 127 ಅಲ್ಲದ ಸಂಖ್ಯೆ ಬಂದರೆ ಅದನ್ನು ಪಠ್ಯಕ್ಕೆ ಸೇರಿಸಿ. ಕನ್ನಡದ ಪಾಲಿನ 3200ರಿಂದ 3327 ಹೀಗೇ ಒಳಗೆ ಬರುತ್ತದೆ.

ಬಾಣದ ಕೀ ಒಂದೇ ಸಂಖ್ಯೆಯಾಗಿ ಬರುವುದಿಲ್ಲ. ಮೇಲಿನ ಬಾಣ 27, 91, 65 ಎಂದು ಮೂರು ತುಂಡಾಗಿ ಬರುತ್ತದೆ. ಕೆಳಗೆ, ಬಲ, ಎಡಕ್ಕೆ ಕೊನೆಯದು 66, 67, 68. ಬರೀ ಎಸ್ಕೇಪ್ ಒತ್ತಿದರೂ ಬರುವುದು 27. ಹಾಗಾಗಿ 27 ಬಂದಮೇಲೆ 0.05 ಸೆಕೆಂಡು ಕಾದು ರೀಡ್-ಚಾರ್-ನೋ-ಹ್ಯಾಂಗ್ ಕರೆಯಿರಿ. ಏನೂ ಬರದಿದ್ದರೆ ಅದು ಎಸ್ಕೇಪ್. ಕುಷ್ಟಗಿಯಿಂದ ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು ದೂರದ ಸರ್ವರ್‌ನಲ್ಲಿ ಬರೆಯುವವರಿಗೆ ತುಂಡುಗಳು ತಡವಾಗಿ ಬರಬಹುದು. ಬಾಣ ಒತ್ತಿದಾಗ ಪಠ್ಯದಲ್ಲಿ ಚೌಕ ಬ್ರಾಕೆಟ್ ಬಿದ್ದರೆ ಕಾಯುವ ಸಮಯವನ್ನು 0.2ಕ್ಕೆ ಏರಿಸಿ.

ಹಿಂದಿನ ಕೆಲಸದ ನೆನಪು

ಪರೀಕ್ಷೆಗೆ ಮೂರು ಸಾಲು ಬರೆಯಿರಿ: ಸಿಂಧನೂರು, ಮಸ್ಕಿ, ಯಲಬುರ್ಗಾ. ಮೊದಲ ಸಾಲಿನ ಕೊನೆಯಲ್ಲಿ ನಿಂತು ಕೆಳಗಿನ ಬಾಣ ಒತ್ತಿ. ನಾಲ್ಕು ಅಕ್ಷರದಾಚೆ ಇದ್ದ ಕರ್ಸರ್ ‘ಮಸ್ಕಿ’ಯಲ್ಲಿ ಎರಡಕ್ಕೆ ಇಳಿಯುತ್ತದೆ. ಇನ್ನೊಮ್ಮೆ ಒತ್ತಿದರೆ ‘ಯಲಬುರ್ಗಾ’ದ ಕೊನೆಗೆ ಹೋಗಬೇಕು, ‘ಯಲ’ದ ಮುಂದೆ ನಿಲ್ಲಬಾರದು. ಇದಕ್ಕೆ ಗುರಿ-ಕಾಲಂ ಎಂದು ಒಂದು ಸಂಖ್ಯೆ ಇಟ್ಟುಕೊಳ್ಳಿ. ಹಿಂದಿನ ಕೆಲಸ ಮೇಲೆ-ಕೆಳಗೆ ಹೋಗುವುದಾಗಿದ್ದರೆ ಹಳೆಯ ಗುರಿಯನ್ನೇ ಬಳಸಿ, ಬೇರೆ ಏನೇ ಆಗಿದ್ದರೂ ಈಗಿನ ಕಾಲಂ ಅನ್ನು, ಅಂದರೆ ಸಾಲಿನಲ್ಲಿ ಎಷ್ಟು ಅಕ್ಷರ ದಾಟಿದ್ದೇವೆ ಎಂಬುದನ್ನು, ಹೊಸ ಗುರಿ ಮಾಡಿ. ಪಠ್ಯ ಕತ್ತರಿಸುವ ಕಂಟ್ರೋಲ್-ಕೆಗೂ ಇದೇ ಉಪಾಯ: ಹಿಂದಿನದೂ ಕತ್ತರಿಸುವುದೇ ಆಗಿದ್ದರೆ ಹೊಸ ತುಂಡನ್ನು ಹಳೆಯದರ ಕೊನೆಗೆ ಅಂಟಿಸಿ, ಇಲ್ಲದಿದ್ದರೆ ಹೊಸದಾಗಿ ಶುರು ಮಾಡಿ. ತಪ್ಪಾದಾಗ *ಹಿಂದಿನ-ಕೆಲಸ* ನಿಲ್, ಅಂದರೆ ಖಾಲಿ, ಆಗುವುದು ಈ ಕಾರಣಕ್ಕೇ. ಅರ್ಧಕ್ಕೆ ನಿಂತ ಕತ್ತರಿಕೆಗೆ ಮುಂದಿನದು ಅಂಟಿಕೊಳ್ಳಬಾರದು.

ಕನ್ನಡದ ಅಕ್ಷರ

‘ಬಳ್ಳಾರಿ’ ಓದುವವರಿಗೆ ಮೂರು ಅಕ್ಷರ, ಯೂನಿಕೋಡ್‌ನಲ್ಲಿ ಏಳು ಸಂಕೇತ, ಯುಟಿಎಫ್-8ನಲ್ಲಿ 21 ಬೈಟು. ‘ಕೊಪ್ಪಳ’ 3, 6, 18. ‘ರಾಯಚೂರು’ 4, 7, 21. ರೀಡ್-ಚಾರ್ ಬೈಟುಗಳನ್ನು ಸೇರಿಸಿ ಸಂಕೇತ ಕೊಡುತ್ತದೆ, ಸಂಕೇತಗಳನ್ನು ಅಕ್ಷರವಾಗಿ ಸೇರಿಸುವುದು ನಮ್ಮ ಕೆಲಸ. ಒಂದು ‘ಬ’ ಒತ್ತಿದರೆ ಮೂರು ವಿಚಿತ್ರ ಚಿಹ್ನೆ ಬಂದರೆ, ಸ್ಟ್ರೀಮಿನ ಎನ್‌ಕೋಡಿಂಗ್ ಯುಟಿಎಫ್-8 ಅಲ್ಲ ಎಂದರ್ಥ.

ಪಠ್ಯವನ್ನು ಸದ್ಯಕ್ಕೆ ಎರಡು ಲಿಸ್ಟಿನಲ್ಲಿ ಇಡಿ: ಕರ್ಸರ್‌ನ ಎಡಕ್ಕಿರುವ ಸಂಕೇತಗಳು ತಿರುಗುಮುರುಗಾಗಿ *ಎಡ*ದಲ್ಲಿ, ಬಲಕ್ಕಿರುವವು ನೇರವಾಗಿ *ಬಲ*ದಲ್ಲಿ. ಸೇರಿಸುವುದು ಒಂದು ಪುಶ್, ಅಳಿಸುವುದು ಒಂದು ಪಾಪ್. ಕಲಿಯಲು ಇದಕ್ಕಿಂತ ಒಳ್ಳೆಯ ರಚನೆ ಇಲ್ಲ.

(ಡಿಫನ್ ಅಂಟುತ್ತದೆಯೇ (ಹಿಂದೆ ಮುಂದೆ)
  (ಆರ್ (<= 3262 ಮುಂದೆ 3277)
      (ಮೆಂಬರ್ ಮುಂದೆ '(3201 3202 3203 3260 3285 3286 8204 8205))
      (ಆ್ಯಂಡ್ (= ಹಿಂದೆ 3277) (<= 3221 ಮುಂದೆ 3257))))

(ಡಿಫನ್ ಮುಂದಿನ-ಅಕ್ಷರ ()
  (ವೆನ್ *ಬಲ*
    (ಲೂಪ್ ಡೂ (ಪುಶ್ (ಪಾಪ್ *ಬಲ*) *ಎಡ*)
          ವೈಲ್ (ಆ್ಯಂಡ್ *ಬಲ* (ಅಂಟುತ್ತದೆಯೇ (ಕಾರ್ *ಎಡ*) (ಕಾರ್ *ಬಲ*))))))

3262ರಿಂದ 3276 ಸ್ವರಚಿಹ್ನೆಗಳ ಪಾಲು, 3277 ಹಲಂತ, 3221ರಿಂದ 3257 ವ್ಯಂಜನಗಳ ಪಾಲು, 3202 ಅನುಸ್ವಾರ. 3261 ಅವಗ್ರಹ, ಅದು ಅಂಟುವುದಿಲ್ಲ, ಹಾಗಾಗಿ ಹೊರಗಿದೆ. ಹಲಂತದ ಮುಂದೆ 8204 ಬಂದರೆ ಅದು ಹಿಂದಿನದಕ್ಕೆ ಅಂಟಿ, ಮುಂದಿನ ವ್ಯಂಜನವನ್ನು ಬಿಡಿಸುತ್ತದೆ.

‘ಯಲಬುರ್ಗಾ’ದಲ್ಲಿ ಇದನ್ನು ಹತ್ತಿರದಿಂದ ನೋಡಬಹುದು. ಅಲ್ಲಿ ಅರ್ಕಾವತ್ತು ‘ಗಾ’ದ ಬಲಕ್ಕೆ ಕಾಣುತ್ತದೆ, ಆದರೆ ಸಂಕೇತಗಳ ಸಾಲಿನಲ್ಲಿ ರ, ಹಲಂತ ಎರಡೂ ‘ಗ’ಕ್ಕಿಂತ ಮೊದಲೇ ಇವೆ. ಸಂಕೇತದ ಲೆಕ್ಕದಲ್ಲಿ ಸರಿಯುವ ಕರ್ಸರ್ ಹಲಂತಕ್ಕೂ ‘ಗ’ಕ್ಕೂ ನಡುವೆ ನಿಲ್ಲುತ್ತದೆ. ಅಲ್ಲಿ ಒಂದು ಖಾಲಿ ಜಾಗ ಟೈಪ್ ಮಾಡಿದರೆ ಊರಿನ ಹೆಸರು ‘ಯಲಬುರ್ ಗಾ’ ಆಗಿ ಒಡೆಯುತ್ತದೆ.

ಮುಂದಕ್ಕೆ ಅಳಿಸುವಾಗ ಇಡೀ ಅಕ್ಷರ ಹೋಗಲಿ. ಬ್ಯಾಕ್‌ಸ್ಪೇಸ್ ಮಾತ್ರ ಒಂದೊಂದೇ ಸಂಕೇತ ತೆಗೆಯಲಿ. ಒತ್ತಕ್ಷರ ತಪ್ಪಿದಾಗ ಮೊದಲಿನಿಂದ ಟೈಪ್ ಮಾಡುವುದು ಯಾರಿಗೂ ಬೇಡ. ಇದರಲ್ಲಿ ಒಂದು ತೊಡಕಿದೆ. ‘ಬಳ್ಳಾ’ ಮುಂದೆ ನಿಂತು ಎರಡು ಸಲ ಒತ್ತಿದರೆ ಎಡಕ್ಕೆ ‘ಬಳ್’ ಉಳಿಯುತ್ತದೆ, ಬಲಕ್ಕಿದ್ದ ‘ರಿ’ ಅದಕ್ಕೆ ಅಂಟಿ ‘ಬಳ್ರಿ’ ಎಂದು ಕಾಣುತ್ತದೆ, ಕರ್ಸರ್ ಅಕ್ಷರದ ಹೊಟ್ಟೆಯಲ್ಲಿ. ಸ್ಕ್ರೀನ್ ಬರೆಯುವಾಗ *ಎಡ*ದ ತುದಿಯೂ *ಬಲ*ದ ತುದಿಯೂ ಅಂಟುವಂತಿದ್ದರೆ ನಡುವೆ 8204 ಕಳಿಸಿ. ಅದು ಸ್ಕ್ರೀನಿಗೆ ಮಾತ್ರ, ಪಠ್ಯಕ್ಕೆ ಸೇರಬಾರದು.

ಸ್ಕ್ರೀನ್ ಮೇಲೆ ಕರ್ಸರ್ ಇಡುವುದಕ್ಕೆ ಟರ್ಮಿನಲ್ಲಿನ ಕಾಲಂ ಎಣಿಸಲು ಹೋಗಬೇಡಿ. ಒತ್ತಕ್ಷರಕ್ಕೆ ಎಷ್ಟು ಅಗಲ ಎಂಬುದರಲ್ಲಿ ಟರ್ಮಿನಲ್‌ಗೆ ಟರ್ಮಿನಲ್ ಬೇರೆ. ಕರ್ಸರ್ ತನಕದ ಪಠ್ಯ ಬರೆದು 27, 55 ಕಳಿಸಿ, ಜಾಗ ನೆನಪಿಡಲು. ಉಳಿದ ಪಠ್ಯ ಬರೆದು 27, 56 ಕಳಿಸಿ, ಅದೇ ಜಾಗಕ್ಕೆ ಮರಳಲು. ಉಳಿದ ಪಠ್ಯ ಪರದೆಯ ಕೆಳತುದಿ ದಾಟಿ ಸರಿದರೆ ಈ ನೆನಪು ಸುಳ್ಳಾಗುತ್ತದೆ. ಪರದೆಗೆ ಹಿಡಿಯುವಷ್ಟು ಸಾಲು ಮಾತ್ರ ಬರೆಯಿರಿ.

ಕಂಟ್ರೋಲ್-ಜಿ ಮತ್ತು ಆಟೋಸೇವ್

ಫೈಲ್ ಹೆಸರು ಕೇಳುವುದಕ್ಕೆ ಬೇರೆ ಓದುವ ಕೋಡ್ ಬೇಡ. ಇದೇ ಕಮಾಂಡ್-ಲೂಪನ್ನು ಒಳಗಿನಿಂದ ಮತ್ತೆ ಕರೆಯಿರಿ. *ಎಡ*, *ಬಲ*, *ಹಿಂದಿನ-ಕೆಲಸ* ಈ ಮೂರನ್ನು ಲೆಟ್‌ನಿಂದ ಹೊಸದಾಗಿ ಕಟ್ಟಿಕೊಳ್ಳಿ, ಕರೆಯನ್ನು ಒಂದು ಕ್ಯಾಚ್ ಒಳಗಿಡಿ. ಕೆಲಸವನ್ನು ಅರ್ಧಕ್ಕೇ ಕೈಬಿಡಲು ಒತ್ತುವ ಕಂಟ್ರೋಲ್-ಜಿ ಆ ಕ್ಯಾಚ್‌ಗೆ ಥ್ರೋ ಮಾಡುತ್ತದೆ, ಅಂದರೆ ನೇರವಾಗಿ ಅಲ್ಲಿಗೆ ಹಾರುತ್ತದೆ. ಥ್ರೋ ಎರರ್ ಅಲ್ಲದ ಕಾರಣ ಹ್ಯಾಂಡ್ಲರ್-ಕೇಸ್ ಅದನ್ನು ತಡೆಯುವುದಿಲ್ಲ. ಲೆಟ್‌ನ ಹಳೆಯ ಬೆಲೆಗಳು ತಾವಾಗಿ ಮರಳುತ್ತವೆ. ಹೊರಗಿನ ಲೂಪಿಗೂ ಅದೇ ಹೆಸರಿನ ಕ್ಯಾಚ್ ಇರಲಿ. ಇಲ್ಲದಿದ್ದರೆ ಏನನ್ನೂ ಕೇಳದಿರುವಾಗ ಒತ್ತಿದ ಕಂಟ್ರೋಲ್-ಜಿ ‘ಇಂಥ ಕ್ಯಾಚ್ ಇಲ್ಲ’ ಎಂಬ ಎರರ್ ಆಗುತ್ತದೆ.

ಯುಪಿಎಸ್ ಇಲ್ಲದ ಲ್ಯಾಬುಗಳಲ್ಲಿ, ಹಳ್ಳಿಯ ಮನೆಗಳಲ್ಲಿ ಕರೆಂಟ್ ಹೇಳಿ ಹೋಗುವುದಿಲ್ಲ. ಕೀ-ಓದು ಒಳಗೆ ಒಂದು ಎಣಿಕೆ ಇಡಿ. ಈಮ್ಯಾಕ್ಸ್ ತಾನಾಗಿ 300 ಒತ್ತಿಗೊಮ್ಮೆ ಆಟೋಸೇವ್ ಮಾಡುತ್ತದೆ. ಒತ್ತಕ್ಷರಕ್ಕೆ ಮೂರು ನಾಲ್ಕು ಒತ್ತು ಬೇಕಾಗುವ ಕನ್ನಡಕ್ಕೆ 300 ಅಂದರೆ ಕೆಲವೇ ಸಾಲು, ಹಾಗಾಗಿ ಅದೇ ಸಂಖ್ಯೆ ಸಾಕು. ಮೂಲ ಫೈಲಿನ ಮೇಲೇ ಬರೆಯಬೇಡಿ. ಅದೇ ಫೋಲ್ಡರಿನಲ್ಲಿ ಬೇರೆ ಹೆಸರಿಗೆ ಯುಟಿಎಫ್-8ನಲ್ಲಿ ಬರೆದು ಮುಚ್ಚಿ, ನಂತರ ಆಟೋಸೇವ್ ಫೈಲಿನ ಹೆಸರಿಗೆ ಬದಲಿಸಿ. ಬರೆಯುವ ನಡುವೆ ಕರೆಂಟ್ ಹೋದರೂ ಹಿಂದಿನ ಪ್ರತಿ ಕೈಯಲ್ಲಿರುತ್ತದೆ.